ಅಲ್ಪಾವಧಿ ವಿದೇಶ ವ್ಯಾಸಂಗ: ವಾಣಿಜ್ಯ ವಿದ್ಯಾರ್ಥಿ ಯಾವ ಪ್ರಶ್ನೆ ಹೊತ್ತು ಹೋಗಬೇಕು?

ಬಿ.ಕಾಂ., ಬಿಬಿಎ, ಎಂಬಿಎ ಓದುವವರು ಒಂದು ವಾರದಿಂದ ಎಂಟು ವಾರಗಳವರೆಗೆ ಹೊರದೇಶದಲ್ಲಿದ್ದು ಕಲಿಯುವ ಪಾಠಕ್ರಮಕ್ಕೆ ಅಲ್ಪಾವಧಿ ವಿದೇಶ ವ್ಯಾಸಂಗ ಎನ್ನುತ್ತಾರೆ. ಅಮೆರಿಕದಲ್ಲಿ ಇದು ರೂಢಿಯೇ ಆಗಿಹೋಗಿದೆ. ಕೊರೊನಾಕ್ಕೆ ಮುಂಚಿನ 2018-19ರ ಸಾಲಿನಲ್ಲಿ ಆ ದೇಶದಿಂದ ಹೊರಗೆ ಕಲಿಯಲು ಹೋದವರು ಸುಮಾರು 3.47 ಲಕ್ಷ ಮಂದಿ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಹೋದದ್ದು ಬೇಸಿಗೆ ರಜೆಗೋ ಎಂಟು ವಾರದೊಳಗಿನ ಅವಧಿಗೋ. ಐವರಲ್ಲಿ ಒಬ್ಬರು ವ್ಯವಹಾರ ಮತ್ತು ನಿರ್ವಹಣೆಯ ವಿದ್ಯಾರ್ಥಿಗಳು. ಸೆಮಿಸ್ಟರ್ ಬಿಡುವ ಹಾಗಿಲ್ಲ, ಖರ್ಚು ಹೆಚ್ಚಬಾರದು, ಆದರೂ ಹೊರಗಿನ ಮಾರುಕಟ್ಟೆಯನ್ನು ಒಮ್ಮೆ ಕಣ್ಣಾರೆ ಕಾಣಬೇಕು ಎಂಬ ಮೂರು ಒತ್ತಡಗಳು ಸೇರಿ ಈ ಪದ್ಧತಿ ಬೆಳೆದಿದೆ.

ಕರ್ನಾಟಕದಲ್ಲಿ ಇದರ ರೂಪಗಳು ಒಂದೇ ತೆರನಾಗಿಲ್ಲ. 1973ರಲ್ಲಿ ಆರಂಭವಾದ ಐಐಎಂ ಬೆಂಗಳೂರು ತನ್ನ ವಿದ್ಯಾರ್ಥಿಗಳನ್ನು ಒಂದು ಟರ್ಮಿನ ಮಟ್ಟಿಗೆ ಹೊರದೇಶದ ಸಂಸ್ಥೆಗಳಿಗೆ ಕಳಿಸುತ್ತದೆ, ಅಲ್ಲಿಯವರನ್ನು ತನ್ನ ತರಗತಿಯಲ್ಲಿ ಕೂರಿಸಿಕೊಳ್ಳುತ್ತದೆ. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಶುಲ್ಕದ ಜತೆಗೇ ವಿದೇಶದ ವಾರವೊಂದನ್ನು ಸೇರಿಸಿ ಮಾರುತ್ತವೆ. ಸರ್ಕಾರಿ ವಲಯದಲ್ಲಿ ಗಮನಿಸಬೇಕಾದದ್ದು 2023ರ ಪ್ರಯತ್ನ. ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜತೆಗೂಡಿ ‘ಸ್ಕೌಟ್’ ಎಂಬ ಹೆಸರಿನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ಎರಡು ವಾರಗಳ ಕಲಿಕೆಗೆ ಬ್ರಿಟನ್ನಿಗೆ ಕಳಿಸಿತು. ಅದು ವಾಣಿಜ್ಯಕ್ಕೇ ಮೀಸಲಾದುದಲ್ಲ. ಆದರೂ ಇಂಥ ಅವಕಾಶ ದುಡ್ಡಿದ್ದವರ ಮನೆಯ ಮಕ್ಕಳಿಗಷ್ಟೇ ಸಲ್ಲಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

ಈ ಪದ್ಧತಿಯ ಬೆಲೆ ಕಟ್ಟಲು ಬೆಂಗಳೂರಿಗಿಂತ ಬಾಗಲಕೋಟೆ ಜಿಲ್ಲೆ ಒಳ್ಳೆಯ ಜಾಗ. ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭಾ ದಂಡೆಯ ಊರು. ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯ ಸೇತುವೆಯಿಂದ ಹೆಸರಾದದ್ದು, ಆಲಮಟ್ಟಿ ಹಿನ್ನೀರಿನ ಸೀಮೆಗೆ ಸೇರಿದ್ದು. ಇಲ್ಲಿಯ ವಾಣಿಜ್ಯ ವಿದ್ಯಾರ್ಥಿ ಬೀಳಗಿಗೋ ಬಾಗಲಕೋಟೆಗೋ ಜಮಖಂಡಿಗೋ ಬಸ್ ಹಿಡಿಯುತ್ತಾನೆ. ಈ ಭಾಗದ ಕಾಲೇಜುಗಳು ಮೊದಲು 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು; 2023ರಲ್ಲಿ ಜಮಖಂಡಿಯನ್ನು ಕೇಂದ್ರವಾಗಿಟ್ಟುಕೊಂಡು ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ವಿದ್ಯಾರ್ಥಿಯ ಸುತ್ತಲೂ ವ್ಯಾಪಾರ ತುಂಬಿ ತುಳುಕುತ್ತಿದೆ: ಮುಧೋಳದ ಸಕ್ಕರೆ ಕಾರ್ಖಾನೆಗಳು, ಮಹಾಲಿಂಗಪುರದ ಬೆಲ್ಲದ ಪೇಟೆ, ರಬಕವಿ-ಬನಹಟ್ಟಿಯ ಮಗ್ಗಗಳು, ಜಮಖಂಡಿಯ ದ್ರಾಕ್ಷಿ. ವಿದೇಶದ ಎರಡು ವಾರ ಈ ವ್ಯಾಪಾರಗಳ ಬಗ್ಗೆ ಅವನ ತಿಳಿವಳಿಕೆಯನ್ನು ಹೆಚ್ಚಿಸುತ್ತದೆಯೋ ಇಲ್ಲವೋ ಎಂಬುದೇ ಅದರ ನಿಜವಾದ ಪರೀಕ್ಷೆ.

ಈಗ ಹೆಚ್ಚು ಮಾರಾಟವಾಗುತ್ತಿರುವ ರೂಪ ಈ ಪರೀಕ್ಷೆಯಲ್ಲಿ ಸೋಲುತ್ತದೆ. ದುಬೈ, ಸಿಂಗಪುರ, ಮಲೇಷ್ಯಾಗಳಿಗೆ ಐದಾರು ದಿನದ ‘ಇಂಡಸ್ಟ್ರಿಯಲ್ ವಿಸಿಟ್’. ಪ್ರವಾಸ ಏಜೆನ್ಸಿಯೇ ದಿನಚರಿ ಬರೆಯುತ್ತದೆ, ಕಾಲೇಜು ಸಹಿ ಹಾಕುತ್ತದೆ. ಒಂದು ಬೆಳಿಗ್ಗೆ ಬಂದರು ಅಥವಾ ಕಾರ್ಖಾನೆಯ ಸಭಾಂಗಣದಲ್ಲಿ ಪರದೆಯ ಮೇಲಿನ ವಿವರಣೆ, ಇನ್ನೊಂದು ಬೆಳಿಗ್ಗೆ ಯಾವುದೋ ವಿಶ್ವವಿದ್ಯಾಲಯದಲ್ಲಿ ಎರಡು ಗಂಟೆಯ ಉಪನ್ಯಾಸ, ಉಳಿದದ್ದು ಗೋಪುರ, ಮಾಲ್, ಮರಳುಗಾಡಿನ ಸಫಾರಿ, ಕೊನೆಗೆ ಸರ್ಟಿಫಿಕೇಟು. ನೋಡುವಂಥದ್ದು ಅಲ್ಲಿ ಇಲ್ಲವೆಂದಲ್ಲ. ದುಬೈಯಲ್ಲಿ 1979ರಲ್ಲಿ ತೆರೆದ ಜೆಬೆಲ್ ಅಲಿ ಬಂದರು, 1985ರಲ್ಲಿ ಅದಕ್ಕೆ ಅಂಟಿಕೊಂಡು ಹುಟ್ಟಿದ ಮುಕ್ತ ವಲಯ — ಎಣ್ಣೆಯ ಆದಾಯದಲ್ಲಿದ್ದ ಊರು ಸಾಗಣೆಯ ಊರಾದ ಬಗೆಯನ್ನು ಇವೆರಡೇ ಕಲಿಸಬಲ್ಲವು. ಆದರೆ ಬಸ್ಸಿನ ಕಿಟಕಿಯಿಂದ ಕಂಟೇನರ್ ಸಾಲು ನೋಡಿದವನಿಗೆ ಸುಂಕದ ಲೆಕ್ಕ ತಿಳಿಯುವುದಿಲ್ಲ. ಭಾರತದ ದ್ರಾಕ್ಷಿಯ ಪೆಟ್ಟಿಗೆ ಆ ಬಂದರಿನಲ್ಲಿ ಇಳಿದ ಮೇಲೆ ಯಾರ ಕೈಗೆ ಹೋಗುತ್ತದೆ, ಹಾಳಾದ ಸರಕಿನ ನಷ್ಟ ಯಾರ ತಲೆಗೆ ಬರುತ್ತದೆ ಎಂದು ಕೇಳುವ ಅವಕಾಶ ಈ ದಿನಚರಿಯಲ್ಲಿ ಇರುವುದೇ ಇಲ್ಲ. ಇದನ್ನು ಪ್ರವಾಸವೆಂದು ಕರೆದರೆ ಯಾರ ತಕರಾರೂ ಇಲ್ಲ. ಪಠ್ಯದ ಭಾಗವೆಂದು ಹೇಳಿ ಪಾಲಕರಿಂದ ಹಣ ಪಡೆಯುವುದು ಸರಿಯಲ್ಲ.

ದೋಷ ಅವಧಿಯ ಗಿಡ್ಡತನದಲ್ಲೇ ಇದೆಯೇ? ಈ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. 2004ರಲ್ಲಿ ಮೇರಿ ಡ್ವಯರ್ ಮೂರು ಸಾವಿರಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ, ವರ್ಷವಿಡೀ ಇದ್ದವರ ಮೇಲೆ ಪರಿಣಾಮ ಗಾಢವಾಗಿರುತ್ತದೆ ಎಂದರು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಮೈಕೆಲ್ ಪೇಜ್ ಮತ್ತು ಸಂಗಡಿಗರ 2009ರ ಅಧ್ಯಯನಕ್ಕೆ, ಮುಂದಿನ ಬದುಕಿನ ಸಾರ್ವಜನಿಕ ತೊಡಗಿಕೆಯ ವಿಷಯದಲ್ಲಿ, ಅವಧಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಪ್ರಕಟವಾದ ಜಾರ್ಜ್‌ಟೌನ್ ಒಕ್ಕೂಟದ ಅಧ್ಯಯನ ಇವೆರಡಕ್ಕಿಂತ ಉಪಯುಕ್ತ. ಪರದೇಶದಲ್ಲಿ ತಮ್ಮಷ್ಟಕ್ಕೆ ಬಿಟ್ಟ ವಿದ್ಯಾರ್ಥಿಗಳು ಅನ್ಯರನ್ನು ಅರಿಯುವ ಶಕ್ತಿಯಲ್ಲಿ ಹೆಚ್ಚೇನೂ ಬೆಳೆಯಲಿಲ್ಲ. ಕಂಡದ್ದನ್ನು ಕೂಡಿಸಿ ಚರ್ಚಿಸುವ ಮಾರ್ಗದರ್ಶಕರು ಜತೆಗಿದ್ದಲ್ಲಿ ಬೆಳೆದರು. ಅಂದರೆ ಎಷ್ಟು ದಿನ ಎಂಬುದಕ್ಕಿಂತ, ಜತೆಗೆ ಹೋದ ಅಧ್ಯಾಪಕರು ಆ ದಿನಗಳಲ್ಲಿ ಏನು ಮಾಡಿದರು ಎಂಬುದು ಮುಖ್ಯ. ಹಾಜರಿ ಹಾಕಿ ತಲೆ ಎಣಿಸುವುದಷ್ಟೇ ಅವರ ಕೆಲಸವಾದರೆ ಎಂಟು ವಾರವೂ ವ್ಯರ್ಥ.

ದಿನಗಳಷ್ಟೇ ಅಲ್ಲ, ಹೊತ್ತು ಹೋದ ಪ್ರಶ್ನೆಯೂ ಮುಖ್ಯ. ಕನ್ನಡ ನಾಡಿಗೆ ಅದರ ದೊಡ್ಡ ನಿದರ್ಶನ ನೂರು ವರ್ಷಕ್ಕೂ ಹಿಂದಿನದು, ಅದು ವಿದ್ಯಾರ್ಥಿಯದಲ್ಲ, ಅಧಿಕಾರಿಯದು. ಸಾಲದಲ್ಲಿ ಮುಳುಗಿದ ರೈತನಿಗೆ ಸಾಹುಕಾರನ ಹೊರತು ಬೇರೆ ದಾರಿ ಉಂಟೇ ಎಂಬ ಪ್ರಶ್ನೆ ಹೊತ್ತು, 1892ರಲ್ಲಿ ಮದ್ರಾಸ್ ಸರ್ಕಾರದ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಕೃಷಿ ಬ್ಯಾಂಕುಗಳ ಅಧ್ಯಯನಕ್ಕೆ ನೇಮಕಗೊಂಡರು. ಜರ್ಮನಿಯಲ್ಲಿ ರೈಫೈಸನ್ ಕಟ್ಟಿದ್ದ ಹಳ್ಳಿ ಸಂಘಗಳ ಮರ್ಮ ಅವರಿಗೆ ಹೊಳೆಯಿತು. ಒಬ್ಬರನ್ನೊಬ್ಬರು ಬಲ್ಲ ಚಿಕ್ಕ ಊರು, ಎಲ್ಲರ ಮೇಲೂ ಸಾಲದ ಹೊಣೆ, ಬಂಡವಾಳಕ್ಕಿಂತ ನಡತೆಯೇ ಭದ್ರತೆ. 1895 ಮತ್ತು 1897ರಲ್ಲಿ ಅವರ ವರದಿ ಎರಡು ಸಂಪುಟಗಳಾಗಿ ಬಂತು. ಬೇರೆ ಸಮಿತಿಯ ಶಿಫಾರಸೂ ಕೂಡಿ 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಆಯಿತು. ಮರುವರ್ಷವೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದ ಮೊದಲ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಊರ ಸೊಸೈಟಿಯಲ್ಲಿ ಗೊಬ್ಬರ, ಬೆಳೆಸಾಲ ಪಡೆಯುವ ಅನಗವಾಡಿಯ ಮನೆಗಳು ಆ ಅಧ್ಯಯನದ ಫಲವನ್ನು ಇಂದಿಗೂ ಉಣ್ಣುತ್ತಿವೆ. ನಿಕಲ್ಸನ್ ಜರ್ಮನಿಗೆ ಹೋದದ್ದು ಮದ್ರಾಸಿನ ಹಳ್ಳಿಗಳ ಸಾಲದ ಲೆಕ್ಕ ತಿಳಿದುಕೊಂಡ ಮೇಲೆ, ಬರಿಗೈಯಲ್ಲಿ ಅಲ್ಲ. 1898ರಲ್ಲಿ ಜಪಾನಿಗೆ ಹೋದ ವಿಶ್ವೇಶ್ವರಯ್ಯನವರೂ ಹಾಗೆಯೇ, ಉದ್ಯಮ ಮತ್ತು ಶಿಕ್ಷಣ ಅಲ್ಲಿ ಹೇಗೆ ಒಟ್ಟಿಗೆ ಬೆಳೆದವು ಎಂಬುದನ್ನು ಅರಿಯಲು ಹೋದವರು.

ಇಂದಿನ ಬಾಗಲಕೋಟೆ ಜಿಲ್ಲೆಗೂ ಅಂಥ ತೂಕದ ಪ್ರಶ್ನೆಯೊಂದು ಕಣ್ಣೆದುರೇ ಇದೆ: ಕಬ್ಬಿನ ದರ. ಕೇಂದ್ರ ಸರ್ಕಾರ ಪ್ರತಿವರ್ಷ ನ್ಯಾಯಸಮ್ಮತ ಬೆಲೆಯನ್ನು ಸಾರುತ್ತದೆ. 2025-26ರ ಹಂಗಾಮಿಗೆ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಆದರೆ ಇಳುವರಿಯನ್ನು ಅಳೆಯುವುದು ಕಾರ್ಖಾನೆ, ಕಟಾವು ಮತ್ತು ಸಾಗಣೆಯ ಖರ್ಚು ಕಳೆಯುವುದೂ ಕಾರ್ಖಾನೆ. ಎಥೆನಾಲ್, ವಿದ್ಯುತ್ತು ಮೊದಲಾದ ಉಪಉತ್ಪನ್ನಗಳ ಲಾಭದಲ್ಲಿ ಬೆಳೆಗಾರನ ಪಾಲೆಷ್ಟು ಎಂಬ ಜಗಳ ಹರಿದಿಲ್ಲ. ಅದನ್ನು ಬಗೆಹರಿಸಲೆಂದೇ ರಾಜ್ಯ 2013ರಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆ ತಂದು ಮಂಡಳಿ ರಚಿಸಿತು. ಆದರೂ 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆಯ ರೈತರು ರಸ್ತೆಗಿಳಿದರು. ಸರ್ಕಾರ ಕಟಾವು, ಸಾಗಣೆಯ ಖರ್ಚು ಬಿಟ್ಟು ಟನ್ನಿಗೆ 3,300 ರೂಪಾಯಿ ಪ್ರಕಟಿಸಿದ ಮೇಲೂ ಮುಧೋಳ ಭಾಗದಲ್ಲಿ ಹೋರಾಟ ಮುಂದುವರಿಯಿತು. ಬ್ರೆಜಿಲ್ಲಿನ ಸಾವೊ ಪಾಲೊ ರಾಜ್ಯದಲ್ಲಿ 1999ರಿಂದ ‘ಕೊನ್ಸೆಕಾನಾ’ ಎಂಬ ವ್ಯವಸ್ಥೆ ಇದೆ. ಬೆಳೆಗಾರರ ಮತ್ತು ಕಾರ್ಖಾನೆಗಳ ಪ್ರತಿನಿಧಿಗಳು ಕೂಡಿ ನಡೆಸುವ ಮಂಡಳಿ ಅದು. ಕಬ್ಬಿನಲ್ಲಿರುವ ಸಕ್ಕರೆಯ ಅಂಶವನ್ನೂ ಸಕ್ಕರೆ, ಎಥೆನಾಲ್‌ಗಳ ಪೇಟೆ ಧಾರಣೆಯನ್ನೂ ಹಿಡಿದು ಸೂತ್ರವೊಂದರಿಂದ ದರ ಕಟ್ಟುತ್ತದೆ. ಅಲ್ಲಿಯೂ ತಕರಾರುಗಳಿವೆ. ಅಲ್ಲಿಯ ಹಿಡುವಳಿಗಳೂ ಬೇರೆ, ಯಂತ್ರದ ಕಟಾವೂ ಬೇರೆ. ಸೂತ್ರವನ್ನು ಇದ್ದಂತೆಯೇ ಎತ್ತಿ ತರುವ ಹಾಗಿಲ್ಲ. ಆದರೆ ಸಕ್ಕರೆ ಅಂಶ ಅಳೆಯುವ ಪ್ರಯೋಗಾಲಯದ ಮೇಲೆ ಅಲ್ಲಿ ಯಾರ ಕಣ್ಣಿರುತ್ತದೆ ಎಂಬ ಒಂದೇ ಸಂಗತಿಯನ್ನು ಖುದ್ದಾಗಿ ಅರಿತು ಬಂದ ಇಪ್ಪತ್ತು ವಿದ್ಯಾರ್ಥಿಗಳು ಈ ಜಿಲ್ಲೆಗೆ ಬೆಲೆಬಾಳುವ ಜನ.

ಬೆಲ್ಲದ ಪೇಟೆಗೂ ಹೊರಗೆ ಜೋಡಿ ಸಿಗುತ್ತದೆ. ನೆದರ್ಲೆಂಡ್ಸಿನ ಆಲ್ಸ್‌ಮೀರ್ ಹೂವಿನ ಹರಾಜಿನಲ್ಲಿ ಗಡಿಯಾರದ ಮುಳ್ಳು ಮೇಲಿನ ದರದಿಂದ ಕೆಳಗಿಳಿಯುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಸರಕು. ಅದನ್ನು ನಡೆಸುವುದು ಬೆಳೆಗಾರರದೇ ಸಹಕಾರ ಸಂಘ. ಮಹಾಲಿಂಗಪುರದ ದಲಾಲಿ ಅಂಗಡಿಗಳ ವ್ಯವಹಾರವನ್ನೂ ಕರ್ನಾಟಕದ ಎಪಿಎಂಸಿಗಳಲ್ಲಿ 2014ರಿಂದ ಬಂದ ಆನ್‌ಲೈನ್ ಟೆಂಡರನ್ನೂ ಬಲ್ಲವನಿಗೆ ಆ ಗಡಿಯಾರ ಬಹಳ ಹೇಳುತ್ತದೆ. ಅರಿಯದವನಿಗೆ ಅದು ಬರೀ ಸೋಜಿಗ.

ಹೀಗಾಗಿ ತಯಾರಿಯೇ ಪಾಠಕ್ರಮದ ಮೊದಲರ್ಧವಾಗಬೇಕು. 2011-12ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ‘ಫೀಲ್ಡ್’ ಎಂಬ ಕಡ್ಡಾಯ ಕಲಿಕೆ ಆರಂಭಿಸಿ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕಳಿಸಿದಾಗ, ಅವರು ಹೋಗುವ ಮೊದಲೇ ತಂಡಗಳಾಗಿ ಅಲ್ಲಿಯ ಕಂಪನಿಯೊಂದರ ಸಮಸ್ಯೆಯ ಮೇಲೆ ಕೆಲಸ ಮಾಡಿರುತ್ತಿದ್ದರು. ಅಲ್ಲಿ ಕಳೆದದ್ದು ಒಂದು ವಾರದ ಆಸುಪಾಸು ಮಾತ್ರ. ಯುರೋಪಿನಲ್ಲಿ 1987ರಲ್ಲಿ ಶುರುವಾದ ಎರಾಸ್ಮಸ್ ಯೋಜನೆ 2021ರಿಂದ ಐದರಿಂದ ಮೂವತ್ತು ದಿನದ ಅಲ್ಪಾವಧಿ ಕೋರ್ಸುಗಳಿಗೆ ಅವಕಾಶ ಕೊಟ್ಟಿತು, ಆದರೆ ಆನ್‌ಲೈನ್ ಪಾಠದ ಭಾಗವನ್ನು ಕಡ್ಡಾಯ ಮಾಡಿತು. ಜಮಖಂಡಿ, ಮುಧೋಳದ ಕಾಲೇಜಿಗೂ ಇದು ಎಟುಕದ ಮಾತಲ್ಲ. ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಯಿರುವ ಗೋದಾವರಿ ಬಯೋರಿಫೈನರೀಸ್ 2024ರ ಅಕ್ಟೋಬರಿನಲ್ಲಿ ಷೇರುಪೇಟೆಗೆ ಬಂದ ಕಂಪನಿ, ಅದರ ಲೆಕ್ಕಪತ್ರ ಯಾರು ಬೇಕಾದರೂ ಓದಬಹುದಾದದ್ದು. ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಆ ಲೆಕ್ಕಪತ್ರವನ್ನೂ ನಾಲ್ಕಾರು ರೈತರ ಕಬ್ಬಿನ ಬಿಲ್ಲುಗಳನ್ನೂ ಎದುರುಬದುರು ಇಟ್ಟು ಓದಿದರೆ, ಬ್ರೆಜಿಲ್ಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಇಲ್ಲಿಯೇ ಹುಟ್ಟುತ್ತವೆ. ಇಂಗ್ಲಿಷಿನಲ್ಲಿ ನಾಲ್ಕು ಮಾತು ಧೈರ್ಯವಾಗಿ ಆಡುವ ರೂಢಿಯೂ ಆ ಸೆಮಿಸ್ಟರಿನಲ್ಲೇ ಆಗಬೇಕು. ಕನ್ನಡ ಮಾಧ್ಯಮದಿಂದ ಬಂದವನು ಅಲ್ಲಿ ಹೋಗಿ ಬಾಯಿ ಮುಚ್ಚಿ ಕುಳಿತರೆ ತಪ್ಪು ಅವನದಲ್ಲ, ತಯಾರು ಮಾಡದೆ ಕಳಿಸಿದವರದು.

ಕ್ರೆಡಿಟ್ಟಿನ ಲೆಕ್ಕ ಸರಳ. ತರಗತಿಯ ಪಾಠವಾದರೆ ಹದಿನೈದು ಗಂಟೆಗೆ ಒಂದು ಕ್ರೆಡಿಟ್, ಕ್ಷೇತ್ರಕಾರ್ಯವಾದರೆ ಮೂವತ್ತು ಗಂಟೆಗೆ ಒಂದು. ಎರಡು ವಾರದ ಗಂಭೀರ ಕೋರ್ಸಿಗೆ ತಯಾರಿಯೂ ಸೇರಿ ಮೂರು-ನಾಲ್ಕು ಕ್ರೆಡಿಟ್ ಸಲ್ಲುತ್ತದೆ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅದನ್ನು ಕೂಡಿಡಲು ದಾರಿ ಮಾಡಿದೆ. ಆದರೆ ಕ್ರೆಡಿಟ್ ಬೇಕಾದರೆ ಮೌಲ್ಯಮಾಪನವೂ ಬೇಕು. ಹಿಂದಿರುಗಿದ ತಿಂಗಳೊಳಗೆ ಬರಹದ ವರದಿ, ಅದರ ಮೇಲೆ ಕಾರ್ಖಾನೆಯವರೂ ರೈತಸಂಘದವರೂ ಕುಳಿತು ಕೇಳುವ ಕನ್ನಡದ ಮೌಖಿಕ ಪರೀಕ್ಷೆ ಇದ್ದರೆ ಫೋಟೊ ಅಂಟಿಸಿದ ಕಡತಗಳು ತಾವಾಗಿಯೇ ನಿಲ್ಲುತ್ತವೆ.

ಇನ್ನು ಖರ್ಚು. ಸಮೀಪದ ದೇಶವೊಂದಕ್ಕೆ ವಾರದ ಪ್ಯಾಕೇಜ್ ಲಕ್ಷ ರೂಪಾಯಿಯ ಆಸುಪಾಸು ಎಂದಿಟ್ಟುಕೊಂಡರೂ, ಟನ್ನಿಗೆ 3,300ರ ದರದಲ್ಲಿ ಅದು ಮೂವತ್ತು ಟನ್ ಕಬ್ಬು. ಒಂದು ಎಕರೆಯ ಬೆಳೆಗೆ ಹತ್ತಿರ, ಅದೂ ಗೊಬ್ಬರ, ಆಳು, ನೀರಿನ ಖರ್ಚು ಕಳೆಯುವ ಮೊದಲು. ಬನಹಟ್ಟಿಯ ನೇಕಾರನ ಮನೆಗೆ ಅದು ಎಷ್ಟೋ ತಿಂಗಳ ಕೂಲಿ. ದುಡ್ಡು ಕೊಟ್ಟವರಿಗಷ್ಟೇ ಸೀಟು ಎಂಬ ನಿಯಮವಿದ್ದರೆ ತರಗತಿಯೊಳಗೇ ಎರಡು ಜಾತಿ ಹುಟ್ಟುತ್ತದೆ, ಹೆಣ್ಣುಮಕ್ಕಳಂತೂ ಮೊದಲೇ ಹಿಂದೆ ಸರಿಯುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆಯಾದರೂ ಅದು ವಿದೇಶದಲ್ಲಿ ಪದವಿ ಓದುವವರಿಗೆ. ಎರಡು ವಾರದ ಕಲಿಕೆಗೆ ಸ್ಕೌಟ್ ಮಾದರಿಯ ಸಾರ್ವಜನಿಕ ಹಣವೇ ಸರಿಯಾದ ದಾರಿ. ಅದರ ಜತೆಗೆ ಸಕ್ಕರೆ ಕಾರ್ಖಾನೆಗಳು ಕಾನೂನಿನಂತೆ ತೆಗೆದಿಡುವ ಸಾಮಾಜಿಕ ಹೊಣೆಯ ನಿಧಿಯಿಂದಲೂ ಪಾಲು ಕೇಳಬಹುದು. ಆಗ ಆಯ್ಕೆಯ ಅಳತೆ ಜೇಬು ಆಗದೆ ವಿದ್ಯಾರ್ಥಿ ಬರೆದ ಪ್ರಶ್ನೆಯಾಗುತ್ತದೆ.

ಖರ್ಚನ್ನು ತಗ್ಗಿಸುವ ಇನ್ನೊಂದು ದಾರಿ ಕೊಡು-ಕೊಳ್ಳುವಿಕೆ. ವಿನಿಮಯದ ಒಪ್ಪಂದಗಳಲ್ಲಿ ಎರಡೂ ಕಡೆ ಬೋಧನಾ ಶುಲ್ಕ ಬಿಡುವುದು ವಾಡಿಕೆ, ಆದರೆ ಅದಕ್ಕೆ ಅಲ್ಲಿಯವರು ಇಲ್ಲಿಗೆ ಬರಬೇಕು. ಬರುವುದಕ್ಕೆ ಕಾರಣಗಳಿವೆ. ಇನ್ಫೊಸಿಸ್ 1999ರಿಂದ ‘ಇನ್‌ಸ್ಟೆಪ್’ ಮೂಲಕ ವಿದೇಶಿ ವಿದ್ಯಾರ್ಥಿಗಳನ್ನು ಕರೆಸಿಕೊಂಡಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜತೆ ಮೈಸೂರಿನಲ್ಲಿ ಕೆಲಸ ಮಾಡಿದ್ದಾರೆ. ಜಮಖಂಡಿ ತಾಲ್ಲೂಕಿನಲ್ಲಿ ತೋರಿಸಲು ಚಿಕ್ಕಪಡಸಲಗಿಯ ಬ್ಯಾರೇಜ್ ಇದೆ. ಸರ್ಕಾರಕ್ಕೆ ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಮ್ಮ ಹಣ, ತಮ್ಮ ಶ್ರಮ ಹಾಕಿ 1989ರಲ್ಲಿ ಕಟ್ಟಿ ಮುಗಿಸಿದ ಶ್ರಮಬಿಂದು ಸಾಗರ ಅದು. ಭಾಗದಾರರನ್ನು ಒಗ್ಗೂಡಿಸಿದ ಬಗೆ, ಎಕರೆಯ ಲೆಕ್ಕದ ವಂತಿಗೆ, ಹಣ ಕೊಡದವನಿಗೂ ನೀರು ಸಿಕ್ಕಾಗಿನ ಬಿಕ್ಕಟ್ಟು — ಹಣಕಾಸು ನಿರ್ವಹಣೆಯ ತರಗತಿಯಲ್ಲಿ ವಾರಗಟ್ಟಲೆ ಚರ್ಚಿಸಬಹುದಾದ ಪ್ರಕರಣ. ಅದನ್ನು ಹಳೆಯ ದಾಖಲೆ, ರೈತರ ಮಾತು, ಇಂದಿನ ನೀರಿನ ಬಳಕೆಯ ಅಂಕಿಗಳ ಸಮೇತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಪಾಠವಾಗಿ ಬರೆದಿಡುವ ಕೆಲಸವನ್ನು ಜಮಖಂಡಿಯ ವಾಣಿಜ್ಯ ವಿಭಾಗ ಕೈಗೆತ್ತಿಕೊಂಡರೆ, ಸಾವೊ ಪಾಲೊ ಅಥವಾ ಆಲ್ಸ್‌ಮೀರ್ ಸೀಮೆಯ ವಿಶ್ವವಿದ್ಯಾಲಯದೊಡನೆ ಒಪ್ಪಂದಕ್ಕೆ ಕೂರುವಾಗ ಕೊಡಲು ಅದರ ಬಳಿ ಏನಾದರೂ ಇರುತ್ತದೆ.