ಪಿನ್ ಇಳಿಯುವ ತನಕ

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನ ಹಬೆ ಬಿಡುವ ವಿಧಾನಕ್ಕೆ ಅದರ ಜೊತೆ ಬರುವ ಪುಸ್ತಿಕೆಗಳು ಪುಟಗಟ್ಟಲೆ ಜಾಗ ಕೊಡುತ್ತವೆ. ತಿರುಳು ಹಿಂಡಿದರೆ ಐದೇ ಸಾಲು. ವಿಷಲ್ ಎಣಿಸಿ ಒಲೆ ಆರಿಸುವ ಅಭ್ಯಾಸದವರು ಎಡವುವುದು ಈ ಐದರಲ್ಲೇ.

“ಬೀಪ್ ಎಂದರೆ ಅಡುಗೆ ಮುಗಿಯಿತು, ಒತ್ತಡ ಮುಗಿದಿಲ್ಲ.”

ಒಲೆಯ ಕುಕ್ಕರ್ ಕೂಗಿ ಕೂಗಿ ಹೆಚ್ಚಿನ ಹಬೆಯನ್ನು ಹೊರಹಾಕುತ್ತದೆ. ಇದು ಕೂಗುವುದಿಲ್ಲ; ಒಳಗಿನ ಶಾಖ ನೋಡಿಕೊಂಡು ಬೇಕಾದಷ್ಟೇ ಕರೆಂಟ್ ಎಳೆಯುತ್ತದೆ. ಹೈ ಪ್ರೆಶರಿನಲ್ಲಿ ಒಳಗಿನ ನೀರು ಸುಮಾರು 115 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 97ರ ಆಸುಪಾಸಿನಲ್ಲಿ. ಒತ್ತಡ ದಿಢೀರನೆ ಬಿದ್ದರೆ ಈ ವ್ಯತ್ಯಾಸದ ಶಾಖವೆಲ್ಲ ಒಮ್ಮೆಲೇ ನೀರನ್ನು ಕೊತಕೊತ ಕುದಿಸುತ್ತದೆ, ಬೇಳೆಯೂ ಜೊತೆಗೆ ಉಕ್ಕುತ್ತದೆ.

“ಬೇಳೆ, ಕಾಳು, ಗಂಜಿಗೆ ಹಬೆ ತಾನಾಗಿ ಇಳಿಯಲಿ.”

ಪಾತ್ರೆ ಎಷ್ಟು ತುಂಬಿದೆ ಎಂಬುದರ ಮೇಲೆ ಹತ್ತು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಬೆಳಗಿನ ಆಫೀಸ್ ಗಡಿಬಿಡಿಯಲ್ಲಿ ಇದು ದೊಡ್ಡ ಹೊತ್ತೇ. ಹತ್ತು ನಿಮಿಷ ಸುಮ್ಮನೆ ಬಿಟ್ಟು ಉಳಿದದ್ದನ್ನು ವಾಲ್ವ್ ತಿರುಗಿಸಿ ಕಳೆಯುವುದು ನನಗೆ ಒಪ್ಪಿಗೆಯಾದ ನಡುದಾರಿ. ತರಕಾರಿಗೆ ಮಾತ್ರ ಕಾಯಬೇಡಿ: ಇಳಿಯುವ ಹೊತ್ತಿನಲ್ಲೂ ಅದು ಬೇಯುತ್ತಲೇ ಇದ್ದು ಮುದ್ದೆಯಾಗುತ್ತದೆ. ಇನ್ನು, ಪಾತ್ರೆಯನ್ನು ಮೂರರಲ್ಲಿ ಎರಡು ಪಾಲಿಗಿಂತ, ಉಬ್ಬುವ ಕಾಳಾದರೆ ಅರ್ಧಕ್ಕಿಂತ ಹೆಚ್ಚು ತುಂಬಿದವರಿಗೆ ಈ ಸಾಲು ಅರ್ಧ ಮಾತ್ರ ರಕ್ಷಣೆ.

“ವಾಲ್ವನ್ನು ಮುಖ ತಪ್ಪಿಸಿ, ದೂರದಿಂದ ತಿರುಗಿಸಿ.”

ಅತಿ ಹೆಚ್ಚು ಕೈ ಸುಡುವುದು ಇಲ್ಲಿ ಎಂದು ನನ್ನ ಅನುಮಾನ. ನಮ್ಮ ಕಣ್ಣಿಗೆ ಬೀಳುವ ಬಿಳಿ ಹೊಗೆಯಂಥದ್ದು ಆಗಲೇ ತಣಿದು ಹನಿಯಾದ ನೀರು. ನಿಜವಾದ ಹಬೆ ಅದಕ್ಕೂ ಕೆಳಗೆ, ವಾಲ್ವಿನ ಬಾಯಲ್ಲಿ, ಏನೂ ಕಾಣದಿರುವ ಒಂದೆರಡು ಬೆರಳಗಲದ ಜಾಗದಲ್ಲಿದೆ. ಬೆರಳು ಹೋಗುವುದೂ ಅಲ್ಲಿಗೇ. ಒಂದು ಗ್ರಾಂ ಕುದಿನೀರು ಮೈಶಾಖಕ್ಕೆ ಇಳಿಯುವಾಗ ಸುಮಾರು 260 ಜೂಲ್ ಶಾಖ ಬಿಡುತ್ತದೆ. ಒಂದು ಗ್ರಾಂ ಹಬೆ ಚರ್ಮದ ಮೇಲೆ ಬರೀ ನೀರಾಗುವುದಕ್ಕೇ 2,260 ಜೂಲ್ ಸುರಿಯುತ್ತದೆ. ಆದ್ದರಿಂದ ಉದ್ದನೆಯ ಸೌಟಿನ ಹಿಡಿಯಿಂದ ತಿರುಗಿಸುವುದು ಲೇಸು. ವಾಲ್ವ್ ಸಡಿಲವಾಗಿ ಅಲುಗುತ್ತದೆ ಎಂದು ಗಾಬರಿ ಬೇಡ, ಅದರ ರಚನೆಯೇ ಹಾಗೆ. ಮೇಲೆ ಮಸಿಬಟ್ಟೆ ಹೊದಿಸಿ ಹಬೆ ಅಡಗಿಸುವವರಿದ್ದಾರೆ. ಬಟ್ಟೆ ಹಬೆಯ ದಾರಿ ಕಟ್ಟಿ, ಅದನ್ನು ಹಿಡಿದ ಕೈಯತ್ತಲೇ ತಿರುಗಿಸುತ್ತದೆ. ಕುಕ್ಕರನ್ನು ಮೇಲ್ಗಡೆಯ ಕಪಾಟಿನ ಅಡಿಯಿಂದ ಮೊದಲೇ ಹೊರಗೆಳೆದಿಡಿ, ಇಲ್ಲವಾದರೆ ಪ್ಲೈವುಡ್ ಉಬ್ಬುತ್ತದೆ. ಹಬೆಯ ಬದಲು ಗಂಜಿನೀರು ಚಿಮ್ಮಿದರೆ ತಕ್ಷಣ ವಾಲ್ವ್ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ಆಮೇಲೆ ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ.

“ಒಲೆ ಕುಕ್ಕರಿನ ಉಪಾಯಗಳು ಇಲ್ಲಿ ನಡೆಯುವುದಿಲ್ಲ.”

ನಲ್ಲಿ ನೀರಿನ ಕೆಳಗೆ ಹಿಡಿಯುವುದು, ವೆಯ್ಟನ್ನು ಚಮಚದಿಂದ ಎತ್ತುವುದು, ಎರಡೂ ಬೇಡ. ತಳದಲ್ಲಿ ಇರುವುದು ಕರೆಂಟು.

“ಪಿನ್ ಕೆಳಗಿಳಿದ ಮೇಲೆಯೇ ಮುಚ್ಚಳ.”

ಐದರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಇದನ್ನು. ಮುಚ್ಚಳದ ಮೇಲಿನ ಪುಟ್ಟ ಲೋಹದ ಪಿನ್ನನ್ನು ಹಬೆಯೇ ಎತ್ತಿ ಹಿಡಿದಿರುತ್ತದೆ. ಅದು ಮೇಲಿರುವಷ್ಟು ಹೊತ್ತು ಮುಚ್ಚಳಕ್ಕೆ ಬೀಗ. ಬುಸ್ ಎನ್ನುವ ಸದ್ದು ನಿಂತರೆ ಒತ್ತಡ ಹೋಯಿತೆಂದು ನಂಬುವುದು ಕಿವಿಯ ಹಳೆಯ ಚಟ. ಒಂದು ಅನ್ನದ ಅಗುಳು ವಾಲ್ವಿನಲ್ಲಿ ಸಿಕ್ಕಿಕೊಂಡರೂ ಸದ್ದು ನಿಲ್ಲುತ್ತದೆ. ಹಾಗಾದಾಗ ಪ್ಲಗ್ ಕಿತ್ತು, ತಣ್ಣಗಾಗುವವರೆಗೆ ಮುಟ್ಟದೆ ಬಿಡಬೇಕು. ಮುಚ್ಚಳ ಬಿಗಿಯಾಗಿದ್ದರೆ ಬಲ ಹಾಕಬಾರದು. 1679ರಲ್ಲಿ ಲಂಡನ್ನಿನಲ್ಲಿ ಡೆನಿ ಪಪಾನ್ ತೋರಿಸಿದ ಹಬೆಯ ಪಾತ್ರೆಗೂ ಮುಂದೆ ಸುರಕ್ಷಾ ವಾಲ್ವ್ ಸೇರಿಸಬೇಕಾಯಿತು. ಎಷ್ಟು ಗಟ್ಟಿಯಾದ ಪಾತ್ರೆಯಾದರೂ ಹಬೆಗೊಂದು ದಾರಿ ಬೇಕೇ ಬೇಕು.

ಪಿನ್ ಇಳಿದರೆ ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಿ: ಉಳಿದ ಹಬೆ ಅತ್ತ ಹೋಗುತ್ತದೆ, ಮುಚ್ಚಳವೇ ಮರೆಯಾಗುತ್ತದೆ. ತೊಳೆಯುವಾಗ ಗ್ಯಾಸ್ಕೆಟ್ ಜೊತೆ, ವಾಲ್ವಿನ ಒಳಬದಿಯ ಜಾಲರಿ ಟೋಪಿಯನ್ನೂ ಬಿಚ್ಚಿ ಉಜ್ಜಿ. ಮುಂದಿನ ಸಲ ಸಿಕ್ಕಿಕೊಳ್ಳುವ ಅಗುಳು ಕೂತಿರುವುದು ಅದರೊಳಗೇ.