ಚೋಮನ ದುಡಿಯೂ ಎರಡನೆಯ ಡ್ರಮ್ಮೂ

ಕಲ್ಯಾಣಪುರದಲ್ಲಿ ಇಗರ್ಜಿಯ ಹಬ್ಬದ ದಿನ ಬ್ಯಾಂಡು ಬಾರಿಸಲು ಬಂದಿದ್ದ ತರುಣನೊಬ್ಬ, ಮೆರವಣಿಗೆ ಮುಗಿದು ನೆರಳಿಗೆ ಕುಳಿತಾಗ, ತನ್ನ ಫೋನಿನಲ್ಲಿ ಕೂಡಿಟ್ಟಿದ್ದ ಕೆಲವು ಚಿತ್ರಗಳನ್ನು ನನಗೆ ತೋರಿಸಿದ. ಮನೆಯವರ ಚಿತ್ರಗಳಿರಬಹುದೆಂದು ಕನ್ನಡಕ ಏರಿಸಿ ನೋಡಿದರೆ ಎಲ್ಲವೂ ಡ್ರಮ್ಮುಗಳು. ಅದೂ ಒಂದೇ ಬಗೆಯವು: ಅಂಗೈ ಎತ್ತರದ ಗುಂಡು ಡಬ್ಬಿಗಳಂತಹ ಸ್ನೇರ್ ಡ್ರಮ್ಮುಗಳು. "ನಿನ್ನ ಕೊರಳಲ್ಲೇ ಒಂದು ನೇತಾಡುತ್ತಿದೆಯಲ್ಲ, ಇವೆಲ್ಲ ಏಕೆ?" ಎಂದು ಕೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ. "ಇದು ಒಂದೇ ಮಾತು ಆಡುತ್ತದೆ" ಎಂದ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮನೆಗೆ ಬಂದು, ಅವನು ತೋರಿಸಿದ ವಾದ್ಯಗಳ ವಿಷಯವನ್ನು ಸ್ವಲ್ಪ ಓದಿಕೊಂಡೆ. ಸ್ನೇರ್ ಡ್ರಮ್ಮಿನ ಗುಟ್ಟು ಅದರ ಕೆಳಮುಖದಲ್ಲಿದೆ. ಮೇಲಿನ ಚರ್ಮಕ್ಕೆ ಕೋಲು ತಗುಲಿದರೆ ಒಳಗಿನ ಗಾಳಿ ಕೆಳಗಿನ ತೆಳುವಾದ ಪೊರೆಯನ್ನು ತಳ್ಳುತ್ತದೆ. ಆ ಪೊರೆಗೆ ಒತ್ತಿ ಬಿಗಿದ ಸರಿಗೆಗಳ ಸಾಲು ಅದರೊಡನೆ ಅದುರುತ್ತದೆ. ಪೆಟ್ಟಿನ ಹಿಂದೆಯೇ ಹೊರಡುವ ಆ ಚರಚರ ಸದ್ದು ಸರಿಗೆಗಳದು. ಇನ್ನು ಒಡಲಿನ ಮಾತು. ಮರದ್ದಾದರೆ ಧ್ವನಿ ಬೆಚ್ಚಗೆ, ಲೋಹದ್ದಾದರೆ ಹರಿತ. 1920ರ ದಶಕದಲ್ಲಿ ಷಿಕಾಗೊದ ಲುಡ್ವಿಗ್ ಕಂಪೆನಿ ಹಿತ್ತಾಳೆಯ ಒಡಲಿಗೆ ಕಪ್ಪು ನಿಕಲ್ ಲೇಪಿಸಿ ಹೂಬಳ್ಳಿ ಕೊರೆದು ಮಾಡಿದ 'ಬ್ಲ್ಯಾಕ್ ಬ್ಯೂಟಿ', 1930ರ ದಶಕದಲ್ಲಿ ಜೀನ್ ಕ್ರೂಪ ಬಾರಿಸಿ ಹೆಸರುಗೊಳಿಸಿದ, ಒಂದೇ ಮೇಪಲ್ ಹಲಗೆಯನ್ನು ಹಬೆಯಲ್ಲಿ ಬಾಗಿಸಿ ಮಾಡಿದ ಸ್ಲಿಂಗರ್‌ಲ್ಯಾಂಡಿನ 'ರೇಡಿಯೊ ಕಿಂಗ್', 1960ರ ದಶಕದಿಂದ ಧ್ವನಿಮುದ್ರಣ ಶಾಲೆಗಳಲ್ಲಿ ಮನೆಮಾತಾದ ಅಲ್ಯೂಮಿನಿಯಂ ಒಡಲಿನ 'ಸುಪ್ರಫೋನಿಕ್' - ಜಗತ್ತಿನ ಡ್ರಮ್ಮಿನವರು ಕನಸಿನಲ್ಲಿ ಕಾಣುವ ವಾದ್ಯಗಳು ಇವು. ನಮ್ಮ ತರುಣನ ಫೋನಿನಲ್ಲಿದ್ದವೂ ಇವೇ.

ಇದನ್ನು ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಹಿಮ್ಮೇಳದವರನ್ನು ಬಲ್ಲವರು ಹಾಗೆ ಹೇಳಲಾರರು. ಒಳ್ಳೆಯ ಮದ್ದಳೆಗಾರನ ಮನೆಯಲ್ಲಿ ಮದ್ದಳೆ ಒಂದೇ ಇರುವುದಿಲ್ಲ. ಭಾಗವತರ ಶ್ರುತಿ ಏರಿದರೆ ಒಂದು, ಇಳಿದರೆ ಇನ್ನೊಂದು. ಬಡಗುತಿಟ್ಟಿನ ಚೆಂಡೆ ಗಾತ್ರದಲ್ಲಿ ಕಿರಿದು, ಧ್ವನಿಯಲ್ಲಿ ಏರು. ತೆಂಕಿನದು ಕೇರಳದ ಚೆಂಡೆಗೆ ಹತ್ತಿರ. ಒಂದರಲ್ಲಿ ಬಾರಿಸಿದ್ದನ್ನು ಇನ್ನೊಂದರಲ್ಲಿ ಬಾರಿಸಿದರೆ ಅದೇ ತಾಳ ಬೇರೆ ಮಾತಾಗುತ್ತದೆ. ಸರಿಗೆಯ ಚರಚರವಾದರೂ ನಮಗೆ ಹೊಸತೆ? ತಂಬೂರಿಯ ತಂತಿಯ ಕೆಳಗೆ ನೂಲೆಳೆ ತೂರಿಸಿ ಜೀವಾಳ ಕೊಡುವುದು, ಮೃದಂಗದ ಬಲದ ಮುಚ್ಚಳಿಕೆಯ ಪದರದ ನಡುವೆ ಹುಲ್ಲಿನ ಕಡ್ಡಿಗಳನ್ನು ಸಿಕ್ಕಿಸುವುದು, ಕೇರಳದ ಇಡಕ್ಕದ ಮುಖಕ್ಕೆ ಅಡ್ಡವಾಗಿ ನಾರಿನ ಎಳೆ ಬಿಗಿಯುವುದು, ಎಲ್ಲವೂ ಅದೇ ಹಂಬಲದ ರೂಪಗಳು. ಬರಿಯ ಪೆಟ್ಟಿಗೆ ಒಂದು ಉಸಿರು ಬೇಕು ಎಂದು ನಮ್ಮವರಿಗೂ ಅನಿಸಿತ್ತು. ಎರಡು ಸದ್ದುಗಳ ನಡುವಣ ಅಂತರವನ್ನು ಕಿವಿಯಿಂದ ಹಿಡಿಯುವವನು ವಿಮರ್ಶಕನೇ ಸರಿ. ಅವನು ಬರೆಯುವುದಿಲ್ಲ, ವಾದ್ಯವನ್ನು ಆರಿಸುತ್ತಾನೆ, ಅಷ್ಟೆ.

ಹೀಗಿರುವಾಗ ನಮ್ಮ ಸಾಹಿತ್ಯ ಚರ್ಮವಾದ್ಯವನ್ನು ಹೇಗೆ ಕೇಳಿಸಿಕೊಂಡಿದೆ? ವೀಣೆಗೆ, ಕೊಳಲಿಗೆ, ಕಂಠಕ್ಕೆ ನಮ್ಮ ಕವಿಗಳಲ್ಲಿ ಉಪಮೆಗಳಿಗೆ ಬರವಿಲ್ಲ. ಚರ್ಮವಾದ್ಯಕ್ಕೆ ಬಂದಾಗ ಮಾತು ಬಡವಾಗುತ್ತದೆ. ಯುದ್ಧಕ್ಕೆ ಭೇರಿ, ಸುದ್ದಿಗೆ ಡಂಗುರ, ಸ್ವಪ್ರಶಂಸೆಗೆ ತಮಟೆ. ಆಡುನುಡಿಯಲ್ಲಿ ಡೋಲು ಬಡಿಯುವುದು ಎಂದರೆ ಬೇಡದ ಗದ್ದಲ. ಬಾರಿಸುವ ಕೈ ಯಾರದು ಎಂಬುದಕ್ಕೂ ಈ ಬಡತನಕ್ಕೂ ಸಂಬಂಧವಿಲ್ಲವೆಂದು ನನಗೆ ತೋರುವುದಿಲ್ಲ. ಸತ್ತ ಪಶುವಿನ ತೊಗಲು ಯಾರ ಪಾಲಿಗೆ ಬಂದಿತೋ, ಆ ತೊಗಲಿನ ಸದ್ದೂ ಬಹುಮಟ್ಟಿಗೆ ಅವರ ಪಾಲಿಗೇ ಬಂತು.

ಈ ಹಿನ್ನೆಲೆಯಲ್ಲಿ ನೋಡಿದರೆ, 1933ರಲ್ಲಿ ಶಿವರಾಮ ಕಾರಂತರು ತಮ್ಮ ಕಾದಂಬರಿಗೆ 'ಚೋಮನ ದುಡಿ' ಎಂದು ಹೆಸರಿಟ್ಟದ್ದು ಸಣ್ಣ ಸಂಗತಿಯಲ್ಲ. ನಾಯಕನ ಹೆಸರೊಂದನ್ನೇ ಇಡಬಹುದಾಗಿತ್ತು. ಅವನು ಬಯಸಿದ ಬೇಸಾಯದ ಹೆಸರನ್ನಿಡಬಹುದಾಗಿತ್ತು. ಅವರು ವಾದ್ಯವನ್ನು ಹೆಸರಿಸಿದರು. ಕಾರಂತರು ಈ ವಿಷಯದಲ್ಲಿ ಕಿವುಡರಲ್ಲ. ಕಲ್ಯಾಣಪುರದಿಂದ ಬಡಗಿಗಿರುವ ಕೋಟದಲ್ಲಿ ಹುಟ್ಟಿ, 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದವರು. ತಮ್ಮ ಯಕ್ಷಗಾನ ಪ್ರಯೋಗಗಳ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಕೂಡಿಸಿ ಬೈಸಿಕೊಂಡವರು. ಯಾವ ವಾದ್ಯ ಏನು ಹೇಳಬಲ್ಲದು ಎಂಬ ಲೆಕ್ಕ ಅವರಿಗಿತ್ತು.

ಈ ಕಾದಂಬರಿಯ ವಿಷಯವಾಗಿ ನಮ್ಮಲ್ಲಿ ಒಂದು ಮಾತು ರೂಢಿಗೆ ಬಂದಿದೆ: ದುಡಿ ಚೋಮನ ಆತ್ಮದ ದನಿ, ಅವನ ಪ್ರತಿಭಟನೆಯ ಸಂಕೇತ. ತರಗತಿಯಲ್ಲಿ ಇದನ್ನು ಹೇಳಿದರೆ ಅಂಕ ಸಿಗುತ್ತದೆ. ಮಾತು ಸುಳ್ಳಲ್ಲ, ಆದರೆ ಅದು ಓದುಗನಿಗೆ ಬೇಗನೆ ಸಮಾಧಾನ ತಂದುಕೊಡುತ್ತದೆ. "ಪಾಪ, ಅವನಿಗೆ ಏನಿಲ್ಲದಿದ್ದರೂ ಕಲೆಯಿತ್ತು" ಎಂದು ಪುಸ್ತಕ ಮುಚ್ಚಿ ನಾವು ನಿದ್ದೆ ಹೋಗಬಹುದು. ಕತೆ ನಮಗೆ ಆ ಅನುಕೂಲವನ್ನು ಕೊಟ್ಟಿದೆಯೆ ಎಂದು ಇನ್ನೊಮ್ಮೆ ನೋಡಬೇಕು.

ಚೋಮನ ಬಳಿ ಏನಿದೆ? ಒಂದು ಗುಡಿಸಲು, ಸಾಕಿದ ಎರಡು ಎತ್ತು, ಮಕ್ಕಳು, ದುಡಿ. ಏನಿಲ್ಲ? ಉಳಲು ತನ್ನದೆನ್ನುವ ಗದ್ದೆಯಿಲ್ಲ. ಎತ್ತುಗಳಿರುವವನಿಗೆ ಗದ್ದೆಯಿಲ್ಲ ಎಂಬುದೇ ಈ ಕತೆಯ ನೋವು. ಅಸ್ಪೃಶ್ಯ ಜಾತಿಯಲ್ಲಿ ಹುಟ್ಟಿದವನು ಒಡೆಯರ ನೆಲದಲ್ಲಿ ದುಡಿಯಬಹುದು, ಬೇಸಾಯಗಾರನೆನಿಸಿಕೊಳ್ಳುವಂತಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ಮತಾಂತರವಾದರೆ ನೆಲ ಸಿಕ್ಕೀತೆಂಬ ಆಸೆಯೂ ಹುಟ್ಟಿ, ನಂಬಿದ ದೈವದ ಭಯಕ್ಕೆ ಹಿಂಜರಿಯುತ್ತದೆ. ಇಷ್ಟರ ನಡುವೆ ದುಡಿ ಮತ್ತೆ ಮತ್ತೆ ಕೇಳುತ್ತದೆ: ಹೆಂಡ ಏರಿದಾಗ, ಸಿಟ್ಟು ಬಂದಾಗ, ದುಃಖ ಹೊರಲಾರದಾಗ, ಕಡೆಗೆ ಬಾಗಿಲು ಮುಚ್ಚಿಕೊಂಡ ಗುಡಿಸಲಿನ ಒಳಗಿಂದ.

ಇಲ್ಲಿ ನನ್ನ ಬ್ಯಾಂಡಿನ ತರುಣ ಉಪಯೋಗಕ್ಕೆ ಬರುತ್ತಾನೆ. ಅವನ ಕನಸು ಎರಡನೆಯ ಡ್ರಮ್ಮು. ಚೋಮನ ಕನಸಿನಲ್ಲಿ ಎರಡನೆಯ ದುಡಿಯಿಲ್ಲ, ಗದ್ದೆಯಿದೆ. ಕನ್ನಡದ ಅತ್ಯಂತ ಹೆಸರಾದ ವಾದ್ಯಗಾರ ವಾದ್ಯದ ಕನಸು ಕಾಣಲೇ ಇಲ್ಲ ಎಂಬುದನ್ನು ನಾವು ಗಮನಿಸಿದಂತಿಲ್ಲ. ದುಡಿ ಅವನು ಆರಿಸಿಕೊಂಡದ್ದಲ್ಲ, ಉಳಿದದ್ದು. ನೇಗಿಲನ್ನು ಅವನ ಕೈಗೆ ಕೊಡಲೊಪ್ಪದ ಸಮಾಜಕ್ಕೆ ದುಡಿ ಅವನ ಕೈಯಲ್ಲಿದ್ದರೆ ಅಡ್ಡಿಯಿರಲಿಲ್ಲ, ಏಕೆಂದರೆ ದುಡಿಯಿಂದ ಯಾರ ಗದ್ದೆಯ ಬದುವೂ ಅತ್ತಿತ್ತ ಸರಿಯುವುದಿಲ್ಲ. ಹಾಗಾಗಿ ಶೀರ್ಷಿಕೆ ಕಲೆಯ ಹೊಗಳಿಕೆ ಎಂದು ನನಗೆ ಅನಿಸುವುದಿಲ್ಲ. ಒಬ್ಬ ಮನುಷ್ಯನಿಗೆ ಎಷ್ಟನ್ನು ಬಿಟ್ಟುಕೊಟ್ಟಿದ್ದರು ಎಂಬುದರ ಅಳತೆ ಅದು.

ಹಾಗಾದರೆ ದುಡಿಯ ಸದ್ದಿಗೆ ಬೆಲೆಯಿಲ್ಲವೆ ಎಂದು ಕೇಳಬಹುದು. ಬೆಲೆಯಿದೆ, ಆ ಬೆಲೆ ಎಲ್ಲಿದೆ ಎಂಬುದಷ್ಟೆ ಪ್ರಶ್ನೆ. ಕೊಡಗಿಗೆ ಹೋಗಿ ನೋಡಿ. ಅಲ್ಲಿಯೂ ದುಡಿಯಿದೆ: ನಡು ಸಣ್ಣಗಾದ ಪುಟ್ಟ ವಾದ್ಯ, ಎಡಗೈಯಲ್ಲಿ ಹಿಡಿದು ಬಲಗೈಯ ಕೋಲಿನಿಂದ ಬಾರಿಸುವಂಥದು. ಪುತ್ತರಿಯಲ್ಲಿ ಹೊಸ ಬತ್ತದ ತೆನೆ ಮನೆಗೆ ಬರುವಾಗ, ಮದುವೆಯ ಚಪ್ಪರದಲ್ಲಿ, ಮನೆತನದ ಹಿರಿಮೆಯನ್ನು ಹಾಡುವಾಗ ಅದು ಮಿಡಿಯುತ್ತದೆ. ನೆಲವಿದ್ದವರ ದುಡಿ ಅದು. ಅದಕ್ಕೆ ಸುಗ್ಗಿಯ ನಗುವೂ ಗೊತ್ತು, ಸಾವಿನ ಗಾಂಭೀರ್ಯವೂ ಗೊತ್ತು. ಚೋಮನಿಗೆ ಗದ್ದೆ ಸಿಕ್ಕಿದ್ದರೆ ಅವನ ದುಡಿಯೂ ಬೇರೆ ಮಾತುಗಳನ್ನು ಕಲಿಯುತ್ತಿತ್ತು. ಸಿಗಲಿಲ್ಲ; ಆದ್ದರಿಂದ ಅದೂ ಒಂದೇ ಮಾತು ಆಡಿತು.

1975ರಲ್ಲಿ ಬಿ. ವಿ. ಕಾರಂತರು ಈ ಕತೆಯನ್ನು ಚಿತ್ರಕ್ಕೆ ತಂದರು. ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟನ ಪ್ರಶಸ್ತಿ ಬಂತು. ಓದುವಾಗ ಪ್ರತಿಯೊಬ್ಬನೂ ತನ್ನ ಕಿವಿಯಲ್ಲಿ ಒಂದು ದುಡಿಯನ್ನು ಮಾಡಿಕೊಂಡಿರುತ್ತಾನೆ. ಚಿತ್ರದಲ್ಲಿ ಅದು ಒಂದೇ ಆಗಬೇಕು, ನಿಜವಾಗಿ ಕೇಳಬೇಕು. ರಂಗಸಂಗೀತದಲ್ಲಿ ಪಳಗಿದ ನಿರ್ದೇಶಕನಿಗೆ ಇದು ಎಷ್ಟು ದೊಡ್ಡ ಅವಕಾಶವೋ ಅಷ್ಟೇ ದೊಡ್ಡ ಪ್ರಲೋಭನೆ. ಸದ್ದನ್ನು ಸೊಗಸುಗೊಳಿಸಿದರೆ ಚೋಮ ಕಲಾವಿದನಾಗಿ ಬಿಡುತ್ತಾನೆ, ಕೂಲಿಯಾಳು ಮರೆತುಹೋಗುತ್ತಾನೆ. ವಾಸುದೇವರಾಯರ ಮೈ ಈ ಅಪಾಯದಿಂದ ಚಿತ್ರವನ್ನು ಕಾಪಾಡಿತು ಎಂದು ನನ್ನ ಅಭಿಪ್ರಾಯ. ಅವರು ದುಡಿ ಹಿಡಿದಾಗ ನಮಗೆ ಕಾಣುವುದು ದಿನವಿಡೀ ದುಡಿದು ಬಂದ ಮೈ. ಚಿತ್ರ ಬಂದ ಕಾಲವನ್ನೂ ನೆನೆಯಬೇಕು. ಹಿಂದಿನ ವರ್ಷವಷ್ಟೆ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಒಡೆಯ ಎಂಬ ಮಾತು ಊರೂರಲ್ಲಿ ಕೇಳುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಗೇಣಿಯವರು ಭೂಮಾಲಿಕರಾದರು. ಚೋಮ ಗೇಣಿಯವನೂ ಆಗಿರಲಿಲ್ಲ. ಕಾನೂನಿನ ಬೆಳಕು ಬಿದ್ದ ಕಡೆಯ ಅಂಚಿನಾಚೆಗೆ ಅವನ ಗುಡಿಸಲಿತ್ತು. ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡವರಲ್ಲಿ ಎಷ್ಟು ಜನ ಇದನ್ನು ಯೋಚಿಸಿದರೋ!

ಚೋಮನ ಕತೆ ಕತೆಯೆಂದು ಹೇಳುವವರಿಗೆ ಇನ್ನೊಂದು ಸಂಗತಿ. ಕರಾವಳಿಯ ಕೊರಗರ ಡೋಲನ್ನು ಕೇಳದವರು ಇಲ್ಲಿ ಕಡಮೆ. ಆ ಡೋಲು ಬಹುಕಾಲ ಅವರ ಇಚ್ಛೆಯದಾಗಿರಲಿಲ್ಲ. ಕಂಬಳಕ್ಕೆ, ಜಾತ್ರೆಗೆ ಕರೆ ಬಂದರೆ ಹೋಗಿ ಬಡಿಯಲೇಬೇಕಾಗಿತ್ತು. ಅಜಲು ಎಂಬ ಹೆಸರಿನಲ್ಲಿ ಅದರೊಡನೆ ಹೇಳಲು ನಾಚಿಕೆಯಾಗುವ ಅವಮಾನಗಳೂ ಅಂಟಿಕೊಂಡಿದ್ದವು. 2000ನೆಯ ಇಸವಿಯಲ್ಲಿ ಕರ್ನಾಟಕ ಸರಕಾರ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿತು. 'ಚೋಮನ ದುಡಿ' ಅಚ್ಚಾಗಿ ಅರುವತ್ತೇಳು ವರ್ಷಗಳಾದ ಮೇಲೆ! ಈಗ ಕೊರಗ ತರುಣರು ತಾವೇ ತಂಡ ಕಟ್ಟಿಕೊಂಡು ಗಜಮೇಳದ ಡೋಲನ್ನು ವೇದಿಕೆಯ ಮೇಲೆ ಬಾರಿಸುತ್ತಾರೆ. ವಾದ್ಯ ಅದೇ, ಕೈ ಅದೇ. ಆದರೆ "ಬಾ" ಎಂದು ಅಪ್ಪಣೆ ಕೊಡುವವನು ಹೋಗಿ, "ಬರುತ್ತೀರಾ?" ಎಂದು ಕೇಳುವವನು ಬಂದರೆ ಸದ್ದು ಬೇರೆಯಾಗುತ್ತದೆ. ಒಲ್ಲೆ ಎನ್ನುವ ಅಧಿಕಾರವಿದ್ದವನು ಬಾರಿಸಿದಾಗ ಮಾತ್ರ ಅದನ್ನು ಕಲೆಯೆಂದು ವಿಮರ್ಶಿಸುವ ಹಕ್ಕು ನಮಗೆ ಬರುತ್ತದೆ.

ಈ ದೃಷ್ಟಿಯಿಂದ ವಾದ್ಯವನ್ನು ಬಯಸುವುದು ಸಣ್ಣ ಸ್ವಾತಂತ್ರ್ಯವಲ್ಲ. ಬಯಸುವವನು ಹೋಲಿಸುತ್ತಾನೆ, ಬೇಡವೆನ್ನುತ್ತಾನೆ, ಇನ್ನೂ ಒಳ್ಳೆಯದನ್ನು ಹುಡುಕುತ್ತಾನೆ. ಉಡುಪಿಯ ವಿಟ್ಲಪಿಂಡಿಗೆ ಹುಲಿವೇಷದ ಜೊತೆ ಬರುವ ತಾಸೆಯವರನ್ನೇ ನೋಡಿ. ಮಳೆಗಾಲದ ತೇವಕ್ಕೆ ತಾಸೆಯ ಚರ್ಮ ಸಡಿಲಾಗುತ್ತದೆ. ಮತ್ತೆ ಮತ್ತೆ ಬೆಂಕಿಗೆ ಹಿಡಿದು ಕಾಯಿಸಬೇಕು. 1957ರಲ್ಲಿ ಅಮೆರಿಕದ ರೆಮೊ ಬೆಲ್ಲಿಯಂಥವರು ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ಹೊದಿಕೆ ಅಂಥದೇ ಕಷ್ಟವನ್ನು ಪಾಶ್ಚಾತ್ಯ ಡ್ರಮ್ಮಿನವರಿಗೆ ತಪ್ಪಿಸಿತು; ಈಗ ನಮ್ಮ ತಾಸೆಗೂ ಅಂಥ ಹೊದಿಕೆ ಬಂದಿದೆ. ಚರ್ಮದ ನಾದ ಹೋಯಿತೆಂದು ಕೊರಗುವ ನಾವು ಮನೆಯ ಜಗಲಿಯಲ್ಲಿ ಬೆಚ್ಚಗೆ ಕುಳಿತಿರುತ್ತೇವೆ. ಮಳೆಯಲ್ಲಿ ನೆನೆಯುತ್ತ ಬಾರಿಸುವವನು ಬೇರೆ. ನನಗೂ ಚರ್ಮದ ತಾಸೆಯೇ ಇಷ್ಟ. ಆದರೆ ಈ ತೀರ್ಮಾನ ಅವನದಾಗಬೇಕು. ವಿಮರ್ಶಕ ಮಾಡಬಹುದಾದದ್ದು, ಎರಡರ ವ್ಯತ್ಯಾಸವನ್ನು ಸರಿಯಾಗಿ ಕೇಳಿ ಹೇಳುವುದು, ಒಳ್ಳೆಯ ಚರ್ಮ ಮುಚ್ಚುವ ಕುಶಲಿಯ ಹೆಸರನ್ನು ಗಾಯಕನ ಹೆಸರಿನಷ್ಟೇ ಆದರದಿಂದ ಬರೆಯುವುದು. ಆ ಕೆಲಸವನ್ನು ನಮ್ಮ ಸಂಗೀತ ವಿಮರ್ಶೆ ಇನ್ನೂ ಸರಿಯಾಗಿ ಆರಂಭಿಸಬೇಕಾಗಿದೆ.

ಸಂಜೆ ಮತ್ತೆ ಮೆರವಣಿಗೆ ಹೊರಟಾಗ ಆ ತರುಣ ನನ್ನತ್ತ ತಿರುಗಿ, "ನೀವಾದರೆ ಯಾವುದನ್ನು ಕೊಳ್ಳುತ್ತಿದ್ದಿರಿ?" ಎಂದು ಕೇಳಿದ್ದ. ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಈಗ ಸಿಕ್ಕಿದರೆ, ಮರದ ಒಡಲಿನದನ್ನು ತೆಗೆದುಕೋ ಎನ್ನುತ್ತೇನೆ. ನನಗೆ ಬೆಚ್ಚಗಿನ ಸದ್ದು ಹಿತ. ಅವನು ಒಪ್ಪದೆ ಇರಬಹುದು, ಹಿತ್ತಾಳೆಯದೇ ಬೇಕೆಂದು ವಾದಿಸಬಹುದು. ಆ ವಾದವನ್ನು ಕೇಳಲು ನಾನು ಇನ್ನೊಂದು ಹಬ್ಬಕ್ಕೆ ಕಲ್ಯಾಣಪುರಕ್ಕೆ ಹೋಗಲು ಸಿದ್ಧನಿದ್ದೇನೆ. ಚೋಮನೊಡನೆ ಹೀಗೆ ವಾದ ಮಾಡಲು ಯಾರೂ ಅವನ ಅಂಗಳಕ್ಕೆ ಹೋಗಿರಲಿಲ್ಲ.