ಮಿಡ್‌ವೇ ಸೋಲಿನ ಮೊದಲ ಕಂತು

ಯುದ್ಧಕಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದ ಕ್ಯಾಟಲಿನಾ ವಿಮಾನಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಶುರುವೇನೋ ಮಾಡಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದ್ದು, 1943ರಲ್ಲಿ ಅದು ಅಮೆರಿಕದ ಸೇನೆಯ ಕೈಗೆ ಹೋಗಿದ್ದು, ನೀರಿನ ಮೇಲಿಳಿಯುವ ವಿಮಾನಗಳು ರಿಪೇರಿಗೆ ಬಂದದ್ದು. ಇಷ್ಟರಲ್ಲಿ ಇನ್ನೊಂದು ಕ್ಯಾಟಲಿನಾ ಅಡ್ಡ ಬಂತು.

ಅದು ಕೆನಡಾದ ಲಿಯೊನಾರ್ಡ್ ಬರ್ಚಲ್‌ನದು. 1942ರ ಏಪ್ರಿಲ್ 4ರಂದು ಸಿಂಹಳದ ಆಗ್ನೇಯಕ್ಕೆ ಗಸ್ತು ಹಾರುತ್ತಿದ್ದವನ ಕಣ್ಣಿಗೆ ಜಪಾನಿನ ಅಡ್ಮಿರಲ್ ನಗುಮೊನ ನೌಕಾಪಡೆ ಬಿತ್ತು. ಸುದ್ದಿ ರವಾನಿಸುತ್ತಿರುವಾಗಲೇ ಜಪಾನಿನ ಝೀರೊ ಫೈಟರ್‌ಗಳು ಅವನ ವಿಮಾನವನ್ನು ಹೊಡೆದುರುಳಿಸಿದವು. ಬದುಕಿ ಉಳಿದ, ಆದರೆ ಯುದ್ಧ ಮುಗಿಯುವವರೆಗೂ ಜಪಾನೀಯರ ಸೆರೆಯಲ್ಲಿ. ಮರುದಿನ ಈಸ್ಟರ್ ಭಾನುವಾರ. ಬೆಳ್ಳಂದೂರು ಎಲ್ಲಿಗೂ ಹೋಗುವುದಿಲ್ಲ. ಈ ಭಾನುವಾರದ ಲೆಕ್ಕ ಮಾತ್ರ ಬಹಳ ದಿನದಿಂದ ಬಾಕಿ ಇದೆ.

ಕೊಲಂಬೊ ಯಾಕೆ ಮುಖ್ಯ ಎಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಲಯ, ಜಾವಾ ಜಪಾನಿನ ಕೈ ಸೇರಿದ್ದವು, ಫಿಲಿಪೀನ್ಸ್ ಕೊನೆಯುಸಿರಲ್ಲಿತ್ತು. ಮಿತ್ರಪಕ್ಷಕ್ಕೆ ಉಳಿದಿದ್ದ ದೊಡ್ಡ ತೆಂಗಿನ ಸೀಮೆಗಳಲ್ಲಿ ಸಿಂಹಳವೂ ಒಂದು. ನಮ್ಮದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಉಂಡೆ ಕೊಬ್ಬರಿ, ತಿನ್ನುವುದಕ್ಕೆ. ಅವರದು ಗಾಣಕ್ಕೆ ಹೋಗುವ ಕೊಬ್ಬರಿ. ಆ ಎಣ್ಣೆಯಿಂದ ಬರುವ ಗ್ಲಿಸರಿನ್ ಸಿಡಿಮದ್ದಿಗೂ ಬೇಕು. ರಬ್ಬರಿನ ಮಾತು ಬೇರೆಯೇ.

ಆ ಭಾನುವಾರ ಬೆಳಿಗ್ಗೆ ಫುಚಿಡಾನ ಮುಂದಾಳತ್ವದಲ್ಲಿ ನಗುಮೊನ ಸುಮಾರು 125 ವಿಮಾನಗಳು ಕೊಲಂಬೊ ಮೇಲೆ ಎರಗಿದವು. ಬರ್ಚಲ್ ಎಚ್ಚರಿಸಿದ್ದರೂ ರತ್ಮಲಾನ ನಿಲ್ದಾಣದ ಹರಿಕೇನ್‌ಗಳಿಗೆ ಸಕಾಲದಲ್ಲಿ ಸುಳಿವು ಸಿಗಲಿಲ್ಲ. ಬಂದರಿನಲ್ಲಿ ಬ್ರಿಟಿಷರ ಹೆಕ್ಟರ್, ಟೆನೆಡೊಸ್ ಹಡಗುಗಳು ಹೋದವು. ಫುಚಿಡಾಗೆ ಅಷ್ಟು ಸಾಲದು, ಇನ್ನೊಂದು ದಾಳಿ ಬೇಕು ಎಂದ.

ಎಡವಟ್ಟು ಇಲ್ಲಿಂದ ಶುರು. ಹಡಗುಗಳೇನಾದರೂ ಕಂಡರೆ ಇರಲಿ ಎಂದು ಟಾರ್ಪೆಡೊ ಕಟ್ಟಿ ಕಾದಿರಿಸಿದ್ದ ವಿಮಾನಗಳಿಗೆ ನೆಲದ ಬಾಂಬು ಕಟ್ಟಿ ಎಂದು ನಗುಮೊ ಅಪ್ಪಣೆ ಕೊಟ್ಟ. ಕೆಲಸ ನಡೆದಿರುವಾಗಲೇ, ಹತ್ತು ಗಂಟೆಯ ಸುಮಾರಿಗೆ, ಟೋನೆ ಹಡಗಿನಿಂದ ಹುಡುಕಲು ಹೋಗಿದ್ದ ವಿಮಾನದಿಂದ ಸುದ್ದಿ: ಎರಡು ಶತ್ರು ಕ್ರೂಸರ್‌ಗಳು ಕಾಣುತ್ತಿವೆ. ಬಾಂಬು ಬಿಚ್ಚಿ, ಮತ್ತೆ ಟಾರ್ಪೆಡೊ ಕಟ್ಟಿ! ಕೊಬ್ಬರಿ ಚೀಲ ಹೇರಿದ ಗಾಡಿ ಇಳಿಸಿ ಹಸಿಕಾಯಿ ತುಂಬಿಸಿ, ಅರ್ಧ ತುಂಬಿದಾಗ ಕೊಬ್ಬರಿಯೇ ಇರಲಿ ಎನ್ನುವ ಯಜಮಾನನ ಹಾಗೆ. ಒಂದೊಂದು ಟಾರ್ಪೆಡೊ 800 ಕಿಲೋ ಮೀರಿದ್ದು, ಅದನ್ನು ಹಿಡಿಯುವ ಕೊಂಡಿಯೂ ಬೇರೆ. ಕೊನೆಗೆ ಟಾರ್ಪೆಡೊ ವಿಮಾನಗಳನ್ನು ಕಾಯದೆ ಎಗುಸಾನ 53 ಡೈವ್ ಬಾಂಬರ್‌ಗಳಷ್ಟೇ ಹೋದವು.

ಅಷ್ಟೇ ಸಾಕಾಯಿತು ಎನ್ನುವುದೇ ನಗುಮೊನ ದುರದೃಷ್ಟ. ಮಧ್ಯಾಹ್ನ ಸುಮಾರು 1.40ಕ್ಕೆ ದಾಳಿ ಶುರುವಾಯಿತು. ಎರಡು ಗಂಟೆ ಹೊಡೆಯುವಷ್ಟರಲ್ಲಿ ಆ ಬ್ರಿಟಿಷ್ ಕ್ರೂಸರ್‌ಗಳಾದ ಡಾರ್ಸೆಟ್‌ಷೈರ್, ಕಾರ್ನ್‌ವಾಲ್ ಎರಡೂ ತಳ ಸೇರಿದ್ದವು. 424 ಮಂದಿ ಸತ್ತರು. ಉಳಿದ 1,122 ಮಂದಿ ಮರುದಿನ ಸಂಜೆಯವರೆಗೆ ನೀರಿನಲ್ಲೇ ಕಾದರು. ಗೆದ್ದ ಸಂಭ್ರಮದಲ್ಲಿ ಬೆಳಗಿನ ಗೊಂದಲವನ್ನು ಯಾರೂ ಕೆದಕಲಿಲ್ಲ. ಸ್ವಲ್ಪವೇ ದೂರದಲ್ಲಿದ್ದ ಬ್ರಿಟಿಷ್ ಅಡ್ಮಿರಲ್ ಸೊಮರ್‌ವಿಲ್‌ನ ಮುಖ್ಯ ಪಡೆಯನ್ನು ಹುಡುಕಲೂ ಇಲ್ಲ. (ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಬಿದ್ದದ್ದು ಮರುದಿನ, ಏಪ್ರಿಲ್ 6ರಂದು. ಅದು ಜಪಾನಿನದೇ ಇನ್ನೊಂದು ಪಡೆಯ, ಒಜಾವಾನ ಪಡೆಯ ಕೆಲಸ. ಎರಡನ್ನೂ ಕಲಸಬೇಡಿ.)

ಈಗ, ಎರಡು ತಿಂಗಳ ನಂತರ ಮಿಡ್‌ವೇ ಕದನದಲ್ಲಿ ನಗುಮೊ ಸೋತದ್ದು ಯಾಕೆ ಎಂಬ ಹಳೆಯ ಜಗಳಕ್ಕೆ ಬರುತ್ತೇನೆ. ಫುಚಿಡಾ ಮತ್ತು ಒಕುಮಿಯಾ ಬರೆದ ಮಿಡ್‌ವೇ ಪುಸ್ತಕ ಇಂಗ್ಲಿಷಿಗೆ ಬಂದದ್ದು 1955ರಲ್ಲಿ. ಅದರ ಭಕ್ತರು ನಮ್ಮ ಸೀಮೆಯಲ್ಲೂ ಇದ್ದಾರೆ. ಇನ್ನೈದು ನಿಮಿಷ ಸಿಕ್ಕಿದ್ದರೆ ಡೆಕ್ಕಿನ ಮೇಲೆ ಸಜ್ಜಾಗಿ ನಿಂತಿದ್ದ ವಿಮಾನಗಳೆಲ್ಲ ಹಾರಿಬಿಡುತ್ತಿದ್ದವು, ಜಪಾನಿನದು ಬರೀ ಹಣೆಬರಹ ಎಂಬುದು ಅವರ ವಾದ. ಇತಿಹಾಸಕಾರರಾದ ಪಾರ್ಷಲ್ ಮತ್ತು ಟುಲ್ಲಿ 2005ರಲ್ಲಿ ಜಪಾನಿ ದಾಖಲೆಗಳನ್ನೇ ಹರಡಿಕೊಂಡು ಕೂತು ಈ ಕತೆಯನ್ನು ಮುಗಿಸಿದರು. ದಾಳಿಗೆ ಹೋಗಬೇಕಿದ್ದ ವಿಮಾನಗಳು ಇನ್ನೂ ಕೆಳಗಿನ ಹ್ಯಾಂಗರಿನಲ್ಲಿದ್ದವು. ಡೆಕ್ಕಿನ ಮೇಲೆ ಕಾವಲು ಫೈಟರ್‌ಗಳ ಏರಿಳಿತ ನಡೆದಿತ್ತು. ಫುಚಿಡಾ ಅಂದು ನಗುಮೊನ ವಿಮಾನವಾಹಕ ಹಡಗು ಅಕಾಗಿಯಲ್ಲೇ ಇದ್ದವನು. ಕಣ್ಣಾರೆ ಕಂಡವನ ಮಾತು ಎಂದು ಅರ್ಧ ಶತಮಾನ ಎಲ್ಲರೂ ನಂಬಿದರು.

ನನ್ನ ತಕರಾರು ಇನ್ನೊಂದು ಹೆಜ್ಜೆ ಮುಂದೆ. ಜೂನ್ 4ರಂದು ನಡೆದದ್ದೇನು? ಇನ್ನೊಂದು ದಾಳಿ ಬೇಕೆಂಬ ಸಂದೇಶ, ಟಾರ್ಪೆಡೊ ಬಿಚ್ಚುವ ಅಪ್ಪಣೆ, ಅದೇ ಟೋನೆಯಿಂದ ಹೋದ ವಿಮಾನದ ತಡವಾದ ಸುದ್ದಿ, ಮತ್ತೆ ಅಪ್ಪಣೆ ತಿರುವುಮುರುವು. ಅದೇ ನಗುಮೊ, ಎರಡು ತಿಂಗಳು ತುಂಬಲು ಒಂದು ದಿನ ಬಾಕಿ ಇದ್ದಾಗ. ಇದನ್ನು ಹಣೆಬರಹ ಎನ್ನುವುದಾದರೆ, ಅದನ್ನು ಕೊಲಂಬೊ ಮುಂದೆ ತನ್ನ ಕೈಯಾರೆ ಬರೆದುಕೊಂಡವನು ಅವನೇ. ಏಪ್ರಿಲ್ 9ರಂದು ಇನ್ನೊಂದು ಎಚ್ಚರಿಕೆಯೂ ಸಿಕ್ಕಿತ್ತು. ಬ್ರಿಟಿಷರ ಒಂಬತ್ತು ಬ್ಲೆನ್‌ಹೀಮ್ ವಿಮಾನಗಳು ಯಾರ ತಡೆಯೂ ಇಲ್ಲದೆ ಅಕಾಗಿಯ ನೆತ್ತಿಗೇ ಬಂದು ಬಾಂಬು ಸುರಿದವು. ಒಂದೂ ತಾಗಲಿಲ್ಲ, ಯಾರೂ ಪಾಠ ಕಲಿಯಲೂ ಇಲ್ಲ.

ಮಿಡ್‌ವೇ ವಾದಕ್ಕೆ ಬರುವವರು ಇನ್ನು ಮುಂದೆ ಜೂನ್ 4ರಿಂದಲ್ಲ, ಏಪ್ರಿಲ್ 5ರಿಂದ ಓದಿಕೊಂಡು ಬನ್ನಿ.